ಎಣ್ಣೆ ಬಾಲದ ಪುಡಿ

ಕೆಸರು ತಳಕ್ಕಿಳಿಯುವುದನ್ನು ನೋಡುತ್ತ ಕೂತದ್ದಕ್ಕೆ ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟರು. ಹೀಗೆ ಹೇಳಿದರೆ ನಮ್ಮ ಮನೆಯವರು ಈಗಲೂ ನಗುತ್ತಾರೆ. ನಗಲಿ ಬಿಡಿ. ಸಂಡೂರಿನ ಕಬ್ಬಿಣದ ಅದಿರನ್ನು ತೊಳೆದ ಕೆಂಪು ನೀರನ್ನು ಗಾಜಿನ ಜಾಡಿಗೆ ಸುರಿದು, ಅದಕ್ಕೊಂದಿಷ್ಟು ಔಷಧಿ ಹಾಕಿ, ಎಷ್ಟು ಹೊತ್ತಿಗೆ ತಿಳಿಯಾಯಿತೆಂದು ಗಡಿಯಾರ ಹಿಡಿದು ಬರೆದುಕೊಳ್ಳುವುದೇ ನನ್ನ ಕೆಲಸದ ಮುಕ್ಕಾಲು ಪಾಲಾಗಿತ್ತು. ಉಳಿದ ಕಾಲು ಪಾಲು, ಬರೆದದ್ದನ್ನು ಮೇಲಿನವರು ನಂಬುವಂತೆ ಮಾಡುವುದು.

ನಮ್ಮ ಕಡೆ ಹುಡುಗ ಹುಡುಗಿಯರು ಈಗ ಎಂ.ಎಸ್ಸಿ. ಮುಗಿಸಿ ಇಂಥ ಲ್ಯಾಬುಗಳಿಗೆ ಸೇರುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಮೋಷನ್ ವಿಷಯ ಬರೆಯುವುದಿಲ್ಲ. ಬಂದದ್ದು ಎರಡೇ, ಎರಡೂ ನಮ್ಮ ಹೊಸಪೇಟೆ ಬಸ್ಸಿನ ಹಾಗೆ ತಡವಾಗಿ ಬಂದವು. ನಾನು ಮಾಡಿದ ತಪ್ಪುಗಳನ್ನು ಬರೆದರೆ ನಿಮಗೆ ಹೆಚ್ಚು ಉಪಯೋಗವಾದೀತು. ಅವು ಎರಡಕ್ಕಿಂತ ಜಾಸ್ತಿ ಇವೆ.

ನನ್ನ ತವರು ಕಂಪ್ಲಿ. ಮದುವೆಯಾಗಿ ಹೊಸಪೇಟೆಗೆ ಬಂದೆ. ದಿನಾ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಗುಡ್ಡ ಏರಿ ಪ್ಲಾಂಟಿಗೆ ಹೋಗುತ್ತಿದ್ದೆ. ಸಂಜೆ ಇಳಿಯುವಾಗ ಸೀರೆಯ ಅಂಚು ಕುಂಕುಮದ ಬಣ್ಣಕ್ಕೆ ತಿರುಗಿರುತ್ತಿತ್ತು. ಬಿಳಿ ಸೀರೆ ಉಡುವ ಆಸೆಯನ್ನು ಮೊದಲ ತಿಂಗಳೇ ಬಿಟ್ಟೆ.

ಪ್ಲಾಂಟಿನಲ್ಲಿ ನಡೆಯುವುದು ಇಷ್ಟೇ. ಅದಿರನ್ನು ತೊಳೆದ ಮೇಲೆ ಉಳಿಯುವ ಕೆಂಪು ರಾಡಿ ನೀರು ಒಂದು ದೊಡ್ಡ ದುಂಡನೆಯ ತೊಟ್ಟಿಗೆ ಬರುತ್ತದೆ. ಅದಕ್ಕೆ ಥಿಕನರ್ ಅನ್ನುತ್ತೇವೆ. ಅಲ್ಲಿ ಮಣ್ಣು ತಳಕ್ಕಿಳಿದು ಮೇಲಿನ ತಿಳಿನೀರು ಅಂಚಿನಿಂದ ಚೆಲ್ಲಿ ಮತ್ತೆ ತೊಳೆಯುವುದಕ್ಕೆ ಹೋಗಬೇಕು. ಆ ಮಣ್ಣಾದರೋ ಮುಖಕ್ಕೆ ಹಚ್ಚುವ ಪೌಡರಿಗಿಂತ ನಯ, ತಾನಾಗಿ ಇಳಿಯುವ ಜಾತಿಯೇ ಅಲ್ಲ. ಅದಕ್ಕೊಂದು ಬಿಳಿ ಪುಡಿ ಬೇಕು. ಪುಡಿ ಎಂದರೆ ಪಾಲಿಮರ್, ಅಂದರೆ ಬಲು ಉದ್ದದ ದಾರದಂಥ ಅಣು. ನೀರಲ್ಲಿ ಕರಗಿ, ಬಿಚ್ಚಿಕೊಂಡು, ಸಿಕ್ಕ ಮಣ್ಣಿನ ಕಣಗಳನ್ನೆಲ್ಲ ಒಟ್ಟಿಗೆ ಕಟ್ಟಿ ಕೆಳಕ್ಕೆ ಎಳೆಯುತ್ತದೆ. ಅಂಚಿನ ನೀರು ಕೆಂಪಾಯಿತೆಂದರೆ ಪ್ಲಾಂಟ್ ನಿಂತಂತೆ, ಲ್ಯಾಬಿನವರ ಮಾನ ಹೋದಂತೆ.

ಪುಡಿ ಕರಗಿಸುವ ಟ್ಯಾಂಕು ದುರ್ಗಪ್ಪನದು. ದುರ್ಗಪ್ಪ ವಡ್ಡು ಊರಿನವನು, ನನ್ನ ವಯಸ್ಸಿನವನೇ, ಗುತ್ತಿಗೆಯ ಕೆಲಸಗಾರ. ನಾನು ಸೇರಿದ ಹೊಸದರಲ್ಲಿ ಒಂದಿಡೀ ಡಬ್ಬಿ ಪುಡಿಯನ್ನು ಬಕೆಟ್ಟಿಗೆ ದಬಕ್ಕನೆ ಸುರಿದು, ಮೀನಿನ ಕಣ್ಣಿನಂಥ ಗಂಟುಗಳನ್ನು ಮಾಡಿಟ್ಟಿದ್ದೆ. ಅವನು ಬಗ್ಗಿ ನೋಡಿ, “ಮೇಡಂ, ಮನ್ಯಾಗ ಉಪ್ಪಿಟ್ಟು ಮಾಡೂದಿಲ್ಲೇನ್ರಿ? ರವಾ ಹೆಂಗ ಹಾಕ್ತೀರಿ? ಒಂದ ಕೈಲೆ ಉದುರಿಸಬೇಕು, ಒಂದ ಕೈಲೆ ತಿರುವಬೇಕು” ಅಂದ. ನನಗೆ ಸಿಟ್ಟು ಬಂತು. ಆದರೆ ಅವತ್ತಿನಿಂದ ಹಾಗೇ ಮಾಡಿದೆ.

ಆ ಪುಡಿಗೆ ನೀರು ಬಿದ್ದರೆ ನೆಲ ಎಷ್ಟು ಜಾರುತ್ತದೆಂದು ಹೇಳಿದರೆ ನಂಬುವುದಿಲ್ಲ. ಒಂದು ಸಲ ಸುರಕ್ಷತಾ ದಿನಾಚರಣೆ. ನಮ್ಮ ಮ್ಯಾನೇಜರ್ ಪಾಟೀಲ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು ಟ್ಯಾಂಕ್ ನೋಡಲು ಬಂದರು. ದುರ್ಗಪ್ಪ, “ಸಾಹೇಬ್ರ, ಆ ಕಡಿ ಬ್ಯಾಡ್ರಿ, ಪುಡಿ ಚೆಲ್ಲೈತಿ” ಅನ್ನುತ್ತಿದ್ದಾನೆ, ಇವರು “ಏನಾಗೂದಿಲ್ಲ ತಗೀಪಾ” ಅಂದವರೇ ಸೊಂಯ್ಯನೆ ಹೋಗಿ ಆ ಕಡೆಯ ಗೋಡೆಗೆ ಒರಗಿ ಕೂತಿದ್ದರು. ಎತ್ತಲು ಹೋದ ಇಬ್ಬರು ಇಂಜಿನಿಯರುಗಳೂ ಬಿದ್ದರು. ನಾನು ನಗು ತಡೆಯಲಾರದೆ ಲ್ಯಾಬಿನೊಳಗೆ ಓಡಿ ಬಾಗಿಲು ಹಾಕಿಕೊಂಡೆ. ಸಾಹೇಬರು ಅರ್ಧ ಗಂಟೆಯ ನಂತರ ಅದೇ ಪ್ಯಾಂಟಿನಲ್ಲಿ ಸುರಕ್ಷತೆಯ ಬಗ್ಗೆ ಭಾಷಣ ಮಾಡಿದರು. ಮನುಷ್ಯ ಗಟ್ಟಿ. ಬಾಯಿ ಜೋರು, ಕೈ ದುಡುಕು, ಆದರೆ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವರಲ್ಲ.

ಈಗ ನಿಜವಾದ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ‘ಬೇಸಿಗೆ ಅಳತೆ’ ಅಂದರೇನೆಂದು ಹೇಳಬೇಕು. ಮಳೆಗಾಲದಲ್ಲಿ ನಮಗೆ ಸಿಹಿನೀರು ಧಾರಾಳವಾಗಿ ಸಿಗುತ್ತಿತ್ತು. ಬೇಸಿಗೆಯಲ್ಲಿ ಪ್ಲಾಂಟಿನ ಹೊಂಡದ ನೀರನ್ನೇ ತಿರುಗಾಮುರುಗಾ ಬಳಸಬೇಕು, ಅದು ದಿನೇದಿನೇ ಉಪ್ಪಾಗುತ್ತ ಹೋಗುತ್ತದೆ. ಹಳೆಯ ಪುಡಿಗೆ ಉಪ್ಪೆಂದರೆ ಆಗದು. ಆ ದಾರದ ಉದ್ದಕ್ಕೂ ಸಣ್ಣ ಸಣ್ಣ ವಿದ್ಯುತ್ ಅಂಶಗಳಿದ್ದು, ಒಂದನ್ನೊಂದು ದೂಡುತ್ತ ದಾರವನ್ನು ನೆಟ್ಟಗೆ ಚಾಚಿರುತ್ತವೆ. ಉಪ್ಪು ಬಂದರೆ ಆ ದೂಡಾಟ ತಣ್ಣಗಾಗಿ ದಾರ ಮುದುಡಿಕೊಳ್ಳುತ್ತದೆ. ದ್ರಾವಣ ನೀರಾಗುತ್ತದೆ, ಮಣ್ಣು ಇಳಿಯುವುದಿಲ್ಲ. ಹಾಗಾಗಿ ಬೇಸಿಗೆ ಬಂತೆಂದರೆ ಟ್ಯಾಂಕಿಗೆ ಒಂದು ಚೀಲದ ಬದಲು ಎರಡು ಚೀಲ. ಇದು ನಾನೇ ಜಾಡಿಯಲ್ಲಿ ನೋಡಿ ಹಾಕಿಕೊಟ್ಟ ಪದ್ಧತಿ. ವರ್ಷಗಟ್ಟಲೆ ನಡೆದಿತ್ತು, ಅದರ ಬಗ್ಗೆ ನನಗೆ ಜಂಬವೂ ಇತ್ತು.

ನಿವೃತ್ತಿಗೆ ಇನ್ನು ಆರೇಳು ವರ್ಷ ಇದ್ದಾಗ ಒಂದು ಕಂಪನಿಯವರು ಹೊಸ ಪುಡಿ ತಂದರು. ಅದೇ ದಾರ, ಆದರೆ ಅಲ್ಲಲ್ಲಿ ಒಂದೊಂದು ಗಿಡ್ಡ ಬಾಲ ಕಟ್ಟಿದ್ದರು. ದಾರಕ್ಕೆ ನೀರೆಂದರೆ ಇಷ್ಟ; ಬಾಲ ಎಣ್ಣೆಯ ಜಾತಿ, ನೀರನ್ನು ಕಂಡರಾಗದು. ಬಾಲ ಜಾಸ್ತಿಯಾದರೆ ಪುಡಿ ಕರಗುವುದೇ ಇಲ್ಲ, ಅದಕ್ಕೆ ಲೆಕ್ಕವಿಟ್ಟು ಕಟ್ಟಿರುತ್ತಾರೆ. ಆ ಬಾಲಗಳಿಂದಾಗಿ ಮಣ್ಣಿನ ಗಂಟು ಬಿಗಿಯಾಗಿ ಕೂಡುತ್ತದೆ ಎಂದು ಅವರ ಇಂಜಿನಿಯರ್ ಹೇಳಿದ. ನಾನು ಲ್ಯಾಬಿನ ನಲ್ಲಿಯ ಸಿಹಿನೀರಿನಲ್ಲಿ, ತೆಳ್ಳಗೆ ಕಲಸಿ ನೋಡಿದೆ. ನಿಜಕ್ಕೂ ಮಸ್ತ್ ಇತ್ತು, ಜಾಡಿ ಕನ್ನಡಿಯ ಹಾಗೆ ತಿಳಿಯಾಯಿತು. ಪುಡಿಯ ಜೊತೆ ಬಂದ ಕಾಗದದಲ್ಲಿ, ಗಟ್ಟಿಯಾಗಿ ಕಲಸುವ ಮುಂಚೆ ನಮ್ಮನ್ನು ಕೇಳಿ ಎಂದು ಬರೆದಿತ್ತು. ಓದಿದೆ, ಮಡಿಚಿ ಫೈಲಿಗೆ ಸೇರಿಸಿದೆ. ಇವರೇನು ನನಗೆ ಹೇಳಿಕೊಡುವುದು ಅಂದುಕೊಂಡೆ.

ನಮ್ಮ ಭಾಗದಲ್ಲಿ ಯಾವ ಕಂಪನಿಯವರು ಬಂದರೂ ಹಂಪಿ ತೋರಿಸದೆ ಕಳಿಸುವ ಹಾಗಿಲ್ಲ. ಟ್ಯಾಂಕಿಗೆ ಹೊಸ ಪುಡಿ ಬಿದ್ದು ಎರಡು ದಿನ ಚೆನ್ನಾಗಿ ನಡೆದ ಮೇಲೆ ಆ ಇಂಜಿನಿಯರನ್ನು ಹಂಪಿಗೆ ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂತು. ಬಿಸಿಲಲ್ಲಿ ಕಲ್ಲು ನೋಡಿ ದಣಿದು, ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ಹೇಳಿ ಕೂತೆವು. ಆಗ ದುರ್ಗಪ್ಪನ ಫೋನು.

“ಮೇಡಂ, ಸಿಹಿನೀರು ಬಂದ್ ಮಾಡ್ಯಾರ್ರಿ. ಬರೇ ಹೊಂಡದ ನೀರು. ಉಪ್ಪಿನ ಮೀಟರ್ ಭಾಳ ಮ್ಯಾಲ ಹೋಗೈತಿ. ಎಷ್ಟ ಹಾಕ್ಲಿ?”

ನನ್ನ ಬಾಯಿ ತುಂಬ ಮಿರ್ಚಿ. “ಬ್ಯಾಸಗಿ ಅಳತಿ ಹಾಕಪಾ, ಅದರಾಗೇನು ಕೇಳ್ತಿ?” ಅಂದೆ.

“ಇದು ಹೊಸ ಪುಡಿ ಅಲ್ಲೇನ್ರಿ ಮೇಡಂ?”

“ಪುಡಿ ಪುಡೀನ. ಎರಡು ಚೀಲ ಹಾಕು, ಜಲ್ದಿ.”

ಎದುರಿಗೆ ಕೂತ ಇಂಜಿನಿಯರಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೆ ಅವನ ಗಂಟಲಲ್ಲಿ ಮಿರ್ಚಿ ಸಿಕ್ಕಿಕೊಳ್ಳುತ್ತಿತ್ತು. ಅವನು ನನ್ನನ್ನು ನೋಡಿ ನಕ್ಕ, ನಾನೂ ನಕ್ಕೆ, ಇಬ್ಬರೂ ಇನ್ನೊಂದು ಪ್ಲೇಟ್ ಹೇಳಿದೆವು.

ಮೂರು ಗಂಟೆಗೆ ಪ್ಲಾಂಟಿಗೆ ಮರಳಿದಾಗ ಎಲ್ಲರೂ ಟ್ಯಾಂಕಿನ ಸುತ್ತ ನಿಂತಿದ್ದರು. ಒಳಗೆ ದ್ರಾವಣವೇ ಇಲ್ಲ, ಮುದ್ದೆ ಇತ್ತು. ಕಲಕುವ ಸಲಾಕೆ ತಿರುಗಿದಂತೆಲ್ಲ ಆ ಮುದ್ದೆ ಸಲಾಕೆಯನ್ನೇ ಹಿಡಿದು ಮೇಲಕ್ಕೆ ಏರುತ್ತಿತ್ತು. ಪಂಪು ಗೊರಗೊರ ಅಂದು ಸತ್ತುಹೋಗಿತ್ತು. ಔಷಧಿ ಹೋಗದೆ ಥಿಕನರಿನ ಅಂಚಿನಲ್ಲಿ ನೀರು ಕೆಂಪಗೆ ಹರಿದು ಪ್ಲಾಂಟ್ ನಿಂತಿತ್ತು. ದುರ್ಗಪ್ಪ ಮೊಣಕೈತನಕ ಲೋಳೆ ಮೆತ್ತಿಕೊಂಡು ಪೆಚ್ಚಾಗಿ ನಿಂತಿದ್ದ.

ಪಾಟೀಲ ಸಾಹೇಬರು ಎಲ್ಲರನ್ನೂ ಕಂಟ್ರೋಲ್ ರೂಮಿಗೆ ಕರೆದರು.

“ಎಷ್ಟ ಚೀಲ ಹಾಕಿದಿ?”

“ಎರಡ್ರಿ ಸರ್.”

“ಹೊಸ ಪುಡಿಗೆ ಎರಡು ಚೀಲ ಹಾಕು ಅಂತ ಯಾರು ಹೇಳಿದ್ರಲೇ?”

ದುರ್ಗಪ್ಪ ತಲೆ ಎತ್ತಿ ಒಂದೇ ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ. “ಬ್ಯಾಸಗಿ ಅಳತಿ ಅದು ಸರ್” ಅಂದ, ಅಷ್ಟೇ.

ನಾನು ಬಾಯಿ ಬಿಡಲಿಲ್ಲ. ಹೆದರಿಕೆಯಿಂದಲ್ಲ. ನನ್ನನ್ನು ಕೆಲಸದಿಂದ ತೆಗೆಯುತ್ತಿರಲಿಲ್ಲ, ಹೆಚ್ಚೆಂದರೆ ಒಂದು ಮೆಮೊ ಕೊಡುತ್ತಿದ್ದರು. ಲ್ಯಾಬ್ ಮೇಡಂ ತಪ್ಪುವುದಿಲ್ಲ ಅನ್ನುವ ಮಾತು ಪ್ಲಾಂಟಿನಲ್ಲಿ ಇತ್ತಲ್ಲ, ಅದು ಹೊರಗಿನ ಕಂಪನಿಯವನ ಎದುರು ಹೋಗುತ್ತದಲ್ಲ, ಅದಕ್ಕೆ ಬಾಯಿ ಕಟ್ಟಿತು. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಸಾಹೇಬರು ಟೇಬಲ್ ಗುದ್ದಿದರು. “ನಾಳೆ ಮಧ್ಯಾಹ್ನದೊಳಗ ಟ್ಯಾಂಕ್ ಖಾಲಿ ಮಾಡಬೇಕು. ಮಾಡಿ, ಗೇಟ್ ಪಾಸ್ ಇಲ್ಲೆ ಇಟ್ಟು, ಮನಿಗೆ ಹೋಗು.”

ಗೇಟ್ ಪಾಸ್ ಹೋಯಿತೆಂದರೆ ನಮ್ಮ ಕಡೆ ಏನರ್ಥವೆಂದು ಹೊಸಬರಿಗೆ ಗೊತ್ತಿರಲಿ. ಗುತ್ತಿಗೆಯವನನ್ನು ಒಂದು ಪ್ಲಾಂಟಿನಿಂದ ಹೀಗೆ ಕಳಿಸಿದರೆ ಸುತ್ತಲಿನ ಇನ್ನೊಂದು ಪ್ಲಾಂಟಿನ ಗೇಟೂ ತೆರೆಯುವುದಿಲ್ಲ. ದುರ್ಗಪ್ಪನಿಗೆ ಬರುತ್ತಿದ್ದ ವಿದ್ಯೆ ಈ ಟ್ಯಾಂಕಿನ ವಿದ್ಯೆ ಒಂದೇ.

ನಾನು ಲ್ಯಾಬಿಗೆ ಹೋಗಿ ಆರು ಬೀಕರ್ ಸಾಲಾಗಿ ಇಟ್ಟೆ. ಮೂರಕ್ಕೆ ಸಿಹಿನೀರು, ಮೂರಕ್ಕೆ ಹೊಂಡದ ನೀರು. ಹೊಸ ಪುಡಿಯನ್ನು ತೆಳ್ಳಗೆ, ಮಧ್ಯಮವಾಗಿ, ಗಟ್ಟಿಯಾಗಿ ಕಲಸಿದೆ. ಎರಡು ಗಂಟೆ ಕಾದೆ. ಕಂಡದ್ದು ನೋಡಿ ನನಗೆ ಎಲ್ಲವೂ ಮರೆತುಹೋಯಿತು, ಅಷ್ಟು ಚೆಂದ ಇತ್ತು. ತೆಳ್ಳಗಿದ್ದಾಗ ದಾರಗಳು ದೂರದೂರ ಇರುತ್ತವೆ, ಪ್ರತಿ ದಾರದ ಬಾಲಗಳು ತಮ್ಮತಮ್ಮಲ್ಲೇ ಕೂಡಿ ಸುಮ್ಮನಿರುತ್ತವೆ. ಪುಡಿ ಒಂದು ಮಿತಿ ದಾಟಿತೋ, ದಾರಗಳು ಒಂದಕ್ಕೊಂದು ತಾಗಿ, ಇದರ ಬಾಲ ಅದರ ಬಾಲವನ್ನು ಹಿಡಿದುಕೊಂಡುಬಿಡುತ್ತದೆ, ಹೊಲದಲ್ಲಿ ನಡೆದರೆ ಸೀರೆಗೆ ಉತ್ತರಾಣಿ ಹಿಡಿದಂತೆ. ಮಿತಿಯ ಈ ಕಡೆ ನೀರು, ಆ ಕಡೆ ಮುದ್ದೆ. ಜೋರಾಗಿ ಕಲಕಿದರೆ ಬಿಡುತ್ತದೆ, ನಿಲ್ಲಿಸಿದರೆ ಮತ್ತೆ ಹಿಡಿಯುತ್ತದೆ. ಇನ್ನು ಉಪ್ಪು? ಹಳೆಯ ಪುಡಿಯನ್ನು ತೆಳ್ಳಗೆ ಮಾಡುತ್ತಿದ್ದ ಅದೇ ಉಪ್ಪು ಇಲ್ಲಿ ಉಲ್ಟಾ. ನೀರು ಉಪ್ಪಾದಷ್ಟೂ ಎಣ್ಣೆ ಬಾಲಗಳಿಗೆ ನೀರಲ್ಲಿ ಜಾಗ ಕಮ್ಮಿ, ಅವು ಒಂದನ್ನೊಂದು ಇನ್ನೂ ಬಿಗಿಯಾಗಿ ತಬ್ಬಿಕೊಳ್ಳುತ್ತವೆ. ಉಪ್ಪು ಬಂದಾಗ ಪುಡಿ ಕಮ್ಮಿ ಮಾಡಬೇಕಿತ್ತು, ನಾನು ದುಪ್ಪಟ್ಟು ಮಾಡಿಸಿದ್ದೆ. ಕಾರಣ ಸಿಕ್ಕ ಖುಷಿಯಲ್ಲಿ ಬಸ್ಸು ಹತ್ತಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಹೋದಾಗ ದುರ್ಗಪ್ಪ ಆಗಲೇ ಟ್ಯಾಂಕಿನ ಹತ್ತಿರ ಸಲಿಕೆ ಹಿಡಿದು ನಿಂತಿದ್ದ. ಸಲಿಕೆ ಹಾಕಿದರೆ ಅರ್ಧ ಬರುತ್ತಿತ್ತು, ಅಷ್ಟರಲ್ಲಿ ಆ ಅರ್ಧವೂ ಉದ್ದಕ್ಕೆ ಎಳೆದುಕೊಂಡು ವಾಪಸ್ ಹೋಗಿ ಬೀಳುತ್ತಿತ್ತು. ನೀರು ಬೆರೆಸೋಣವೆಂದರೆ ಟ್ಯಾಂಕು ತುಂಬಿದೆ. ನಿನ್ನೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎಣ್ಣೆಗೆ ಸೋಪು ಮದ್ದಲ್ಲವೇ ಎಂದು ನನಗೆ ಹೊಳೆಯಿತು. ಬಕೆಟ್ಟಿನಲ್ಲಿ ಒಂದಿಷ್ಟು ಮುದ್ದೆ ತೆಗೆದು ಒಂದು ಚಮಚ ಸೋಪಿನ ಪುಡಿ ಹಾಕಿ ಕೋಲಿನಿಂದ ತಿರುವಿದೆ. ಅಯ್ಯೋ ದೇವರೇ, ಅದು ಮೊದಲಿಗಿಂತ ಗಟ್ಟಿಯಾಯಿತು! ಕೋಲು ನೆಟ್ಟಗೆ ನಿಂತಿತು. ನಾನು ಕೋಲನ್ನು ಅಲ್ಲೇ ಬಿಟ್ಟು ತಲೆ ಮೇಲೆ ಕೈ ಹೊತ್ತು ಕೂತೆ.

ದುರ್ಗಪ್ಪ ಬಂದು ನೋಡಿದ. “ಎಷ್ಟ ಹಾಕಿದ್ರಿ?”

“ಒಂದು ಚಮಚ.”

“ಕೈಗೆ ಮೆತ್ತಿದ್ದು ನಿನ್ನಿ ನನಗೂ ಹಂಗ ಆತ್ರಿ. ಸ್ವಲ್ಪ ಸೋಪು ಹಚ್ಚಿದ್ರ ಇನ್ನೂ ಅಂಟ್ತು. ಸಿಟ್ಟಿಗೆದ್ದು ಮುಷ್ಟಿಗಟ್ಟಲೆ ಹಚ್ಚಿದೆ, ಸರ್ರಂತ ಬಿಟ್ಟೋತು. ಚಿಟಿಕಿ ಚಿಟಿಕಿ ಹಾಕಿ ನೋಡಬ್ಯಾಡ್ರಿ. ಹಾಕ್ರಿ ಇನ್ನ!”

ಹಾಕಿದೆ. ಎರಡು ಚಮಚ, ಐದು, ಹತ್ತು. ಕೋಲು ವಾಲಿತು. ಆಮೇಲೆ ಬಕೆಟ್ಟಿನಲ್ಲಿದ್ದದ್ದು ಬೆಲ್ಲದ ಪಾನಕದ ಹಾಗೆ ಸುರಿಯಿತು. ನಾವಿಬ್ಬರೂ ಚಿಕ್ಕ ಮಕ್ಕಳ ಹಾಗೆ ಕೂಗಿದೆವು. ಸೋಪಿನ ಅಣುವಿಗೂ ಒಂದು ಎಣ್ಣೆ ಬಾಲ ಇರುತ್ತದೆ. ಸ್ವಲ್ಪ ಇದ್ದರೆ ಅದು ದಾರಗಳ ಬಾಲಗಳು ಕೂಡಿದ ಗಂಟಿಗೇ ಸೇರಿ ಗಂಟನ್ನು ಬಿಗಿ ಮಾಡುತ್ತದೆ. ಧಾರಾಳವಾಗಿದ್ದರೆ ಒಂದೊಂದು ಬಾಲವನ್ನೂ ಬೇರೆಬೇರೆಯಾಗಿ ಸುತ್ತಿಕೊಂಡು ದಾರಗಳನ್ನು ಬಿಡಿಸಿಬಿಡುತ್ತದೆ. ಇದನ್ನು ನಾನು ಆಮೇಲೆ ಪುಸ್ತಕ ತೆಗೆದು ಓದಿ ತಿಳಿದದ್ದು. ಆ ಹೊತ್ತಿಗೆ ಕ್ಯಾಂಟೀನಿನ ಸೋಪಿನ ಪುಡಿಯೆಲ್ಲ ಖಾಲಿ ಮಾಡಿ, ಸಾಲದೆ ಸಂಡೂರಿಗೆ ಜೀಪು ಓಡಿಸಿ ತರಿಸಿದೆವು. ಕರಗಿದ್ದನ್ನೆಲ್ಲ ಒಂದು ಮುಚ್ಚಿದ ಗುಂಡಿಗೆ ಹರಿಸಿದೆವು, ಹಳ್ಳಕ್ಕೆ ಒಂದು ಹನಿ ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಟ್ಯಾಂಕಿನ ತಳ ಕಂಡಿತು.

ದುರ್ಗಪ್ಪ ಕೈಕಾಲು ತೊಳೆದುಕೊಂಡ. ಅಂಗಿ ಕೊಡವಿ ಹಾಕಿಕೊಂಡ. ಕೊರಳಿಂದ ಗೇಟ್ ಪಾಸ್ ತೆಗೆದು, ಅದಕ್ಕೆ ಮೆತ್ತಿದ್ದ ಲೋಳೆಯನ್ನು ಅಂಗಿಯ ತುದಿಯಿಂದ ಒರೆಸಿದ. ಕೊಡುವ ಪಾಸನ್ನು ಯಾಕೆ ಒರೆಸುತ್ತಾನೆ ಮಾರಾಯ ಅಂದುಕೊಂಡೆ. “ಬರ್ತೀನ್ರಿ ಮೇಡಂ” ಅಂದು ಆಫೀಸಿನ ಕಡೆ ನಡೆದ.

ನಾನು ಅವನಿಗಿಂತ ಮುಂಚೆ ಸಾಹೇಬರ ಬಾಗಿಲು ದೂಡಿದೆ. ಕೂತುಕೊಳ್ಳಲೂ ಇಲ್ಲ.

“ಸರ್, ಎರಡು ಚೀಲ ಹಾಕು ಅಂದದ್ದು ನಾನು. ಹಂಪಿ ಕಡೆಯಿಂದ ಫೋನಿನಲ್ಲಿ ಹೇಳಿದೆ. ಇದು ಹೊಸ ಪುಡಿ ಅಲ್ಲೇನ್ರಿ ಅಂತ ದುರ್ಗಪ್ಪ ಕೇಳಿದ್ದ. ಪುಡಿ ಪುಡೀನ ಅಂತ ಗದರಿಸಿದೆ.”

ಸಾಹೇಬರು ಪೆನ್ನು ಕೆಳಗಿಟ್ಟರು. ಬೈದಾರು ಎಂದು ಕಾದೆ. ಅವರ ದನಿ ಏರಲೇ ಇಲ್ಲ, ಅದೇ ಹೆಚ್ಚು ಚುಚ್ಚಿತು.

“ಮೇಡಂ, ನಿನ್ನಿ ಅಷ್ಟು ಮಂದಿ ಮುಂದ ಅವಗ ಬೈದೆ ನಾನು. ನೀವು ಅಲ್ಲೇ ನಿಂತಿದ್ರಿ.”

“ಹೌದು ಸರ್.”

“ಹಂಗಾದ್ರ ಇಲ್ಲೆ ನನ್ನ ಕಿವ್ಯಾಗ ಹೇಳಿದ್ರ ಹೆಂಗ? ನಡೀರಿ, ನಿನ್ನಿ ಇದ್ದವ್ರನ್ನೆಲ್ಲ ಕರಸ್ತೀನಿ.”

ಕರೆಸಿದರು. ಅದೇ ಕಂಟ್ರೋಲ್ ರೂಮು, ಅದೇ ಜನ, ಆ ಇಂಜಿನಿಯರ್ ಕೂಡ. ನಾನು ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ, ಅವನಿಗಾಗಿ ಹಿಂದಿಯಲ್ಲೂ ಹೇಳಿದೆ. ನನ್ನ ಹಿಂದಿ ಕೇಳಿ ಒಬ್ಬಿಬ್ಬರು ನಕ್ಕರು, ನನಗೆ ಉಸಿರು ಬಂತು. ದುರ್ಗಪ್ಪ ಮೇಜಿನ ಮೇಲಿಟ್ಟಿದ್ದ ಪಾಸನ್ನು ಸಾಹೇಬರು ಎತ್ತಿ ಅವನ ಕೈಗೆ ಕೊಟ್ಟು, “ನಿನ್ನಿ ಬೈದದ್ದು ವಾಪಸ್ ತಗೊಂಡೆ ನೋಡು” ಅಂದರು. ನನಗೆ ಒಂದು ಮೆಮೊ ಬಂತು. ಅದು ಈಗಲೂ ನನ್ನ ಕಪಾಟಿನಲ್ಲಿದೆ, ಮೊಮ್ಮಕ್ಕಳಿಗೆ ತೋರಿಸುತ್ತೇನೆ.

ಹೊಸ ಪುಡಿಯನ್ನು ನಾವು ಬಿಡಲಿಲ್ಲ. ಬೇಸಿಗೆಯಲ್ಲಿ ಅರ್ಧ ಚೀಲ ಎಂದು ಬೋರ್ಡು ಬರೆಸಿದೆವು. ಅಂಚಿನ ನೀರು ಅಷ್ಟು ತಿಳಿಯಾದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಈಗ ಲ್ಯಾಬಿನಲ್ಲಿ ಜಾಡಿಯ ಬದಲು ಯಂತ್ರ ಬಂದಿದೆಯಂತೆ, ತಿಳಿ ಎಷ್ಟೆಂದು ಅದೇ ಹೇಳುತ್ತದಂತೆ. ಒಳ್ಳೆಯದೇ. ಆದರೂ ಮಕ್ಕಳೇ, ಹೊಸ ಪುಡಿ ಬಂದರೆ ನಿಮ್ಮ ಹೊಂಡದ ನೀರಿನಲ್ಲೇ ಕಲಸಿ ನೋಡಿ, ಗಟ್ಟಿಯಾಗಿಯೂ ಕಲಸಿ ನೋಡಿ.

ಅವತ್ತು ಸಂಜೆ ಬಸ್ಸಿಗೆ ಹೊರಡುವ ಮುಂಚೆ ಟ್ಯಾಂಕಿನ ಹತ್ತಿರ ಹೋದೆ. ದುರ್ಗಪ್ಪ ಅರ್ಧ ಚೀಲ ಪುಡಿಯನ್ನು ಉದುರಿಸಿ ಮುಗಿಸಿ ಚಹಾ ಕುಡಿಯುತ್ತಿದ್ದ.

“ಅಲ್ಲಪಾ, ನಿನ್ನೆ ನನ್ನ ಹೆಸರು ಯಾಕ ಹೇಳಲಿಲ್ಲ ನೀನು?”

“ಹೇಳಿ, ನೀವು ಇಲ್ಲ ಅಂದಿದ್ರ? ನಾನು ಗುತ್ತಿಗಿ ಮನಷ್ಯಾ, ಯಾರು ನಂಬ್ತಿದ್ರು? ನೀವ ಹೇಳ್ತೀರೇನು ನೋಡೂಣು ಅಂತ ಸುಮ್ನಿದ್ದೆ.”

“ಹೇಳದಿದ್ರ ಏನು ಮಾಡ್ತಿದ್ದಿ?”

“ನಮ್ಮವ್ವನ್ನ ಕರಕೊಂಡು ನಿಮ್ಮ ಹೊಸಪ್ಯಾಟಿ ಮನಿ ಬಾಗಲಿಗೆ ಬರ್ತಿದ್ದೆ. ನಮ್ಮವ್ವ ಬಾಯಿ ತಗದ್ರ ನಿಮ್ಮ ಓಣಿ ಮಂದಿಯೆಲ್ಲ ಕೂಡ್ತದ್ರಿ.”

ನಾನು ಜೋರಾಗಿ ನಕ್ಕೆ. ಅವನೂ ನಕ್ಕ. ಆಮೇಲೆ ಲೋಟ ಕೆಳಗಿಟ್ಟು ಕೇಳಿದ.

“ನಿನ್ನಿ ರಾತ್ರಿ ನಿದ್ದಿ ಬಂತೇನ್ರಿ ನಿಮಗ?”

ಸುಳ್ಳು ಹೇಳಬಹುದಿತ್ತು. ಆರು ಬೀಕರಿನ ಖುಷಿಯಲ್ಲಿ ಊಟ ಮಾಡಿ ಮಲಗಿದವಳು ಬೆಳಗಿನತನಕ ಹೊರಳಿರಲಿಲ್ಲ. “ಬಂತಪಾ” ಅಂದೆ.

“ನಮ್ಮ ಮನ್ಯಾಗ ಯಾರಿಗೂ ಬರಲಿಲ್ರಿ” ಅಂದ ದುರ್ಗಪ್ಪ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. “ಇನ್ನೊಮ್ಮೆ ಹಿಂಗಾದ್ರ ಮೇಡಂ, ಮೊದಲು ಹೇಳ್ರಿ, ಆಮ್ಯಾಲ ಮಲ್ಕೋರಿ.”